ಇಮ್ಮೆನ್‌ಷ್ಟಾಟ್‌ನಲ್ಲಿ ಇಬ್ಭಾಗವಾಗುವ ರೈಲು

ಕೌಫ್‌ಬಾಯ್ರನ್,
ಏಪ್ರಿಲ್ ಹತ್ತೊಂಬತ್ತು, ಭಾನುವಾರ

ಬುರ್ಗಿ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಸೇರಿಸುವುದು ವಾಡಿಕೆ. ನಾನು ಸೇರಿಸಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟಿದ್ದೇನೆ.

ನಿನ್ನ ಲಕೋಟೆ ಶುಕ್ರವಾರ ಬಂತು. ಆರು ವರ್ಷ ನಿನ್ನಿಂದ ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ಈಗ ಇದ್ದಕ್ಕಿದ್ದಂತೆ ಐದು ಹಾಳೆಯ ಪ್ರವಾಸದ ಪಟ್ಟಿ. ಸ್ಕೇಲು ಹಿಡಿದು ಗೆರೆ ಎಳೆದಿದ್ದೀಯ. ನಿಲ್ದಾಣಗಳ ಹೆಸರು ನೀಲಿಯಲ್ಲಿ, ನಿಮಿಷಗಳು ಕಪ್ಪಿನಲ್ಲಿ. ಮೇಲೆ ದೊಡ್ಡ ಅಕ್ಷರದಲ್ಲಿ ‘ನಾಲ್ಕು ದಿನ, ಮೂರು ದೇಶ’ ಎಂದು ತಲೆಬರಹ. ಹೇಗಿದ್ದೀಯ ಸೆನ್ಸಿ ಎಂಬ ಒಂದು ಮಾತು ಐದೂ ಹಾಳೆಯಲ್ಲಿ ಇರಲಾರದು ಎಂದು ನೋಡದೆಯೇ ಹೇಳಬಲ್ಲೆ. ನಿನಗೆ ರೈಲು ಹೊರಡುವ ಹೊತ್ತು ಗೊತ್ತಿದ್ದರೆ ಸಾಕು, ಹತ್ತುವವರ ಸುದ್ದಿ ಬೇಡ.

ಅಪ್ಪ ಅಮ್ಮ ನಿನ್ನನ್ನು ಔಗ್ಸ್‌ಬುರ್ಗ್ ನಿಲ್ದಾಣದ ವಿಚಾರಣೆ ಕಿಟಕಿಗೆಂದೇ ಹೆತ್ತರೋ ಏನೋ. ಮೂವತ್ತೊಂದು ವರ್ಷ ಆ ಗಾಜಿನ ಹಿಂದೆ ಕೂತು ಜನರಿಗೆ ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು, ಎಲ್ಲಿ ಓಡಬೇಕು ಎಂದು ಹೇಳಿದೆ. ನಿವೃತ್ತಿಯಾದ ಮೇಲೆ ಆ ಚಟ ತೀರಿಸಿಕೊಳ್ಳಲು ನಾವಿಬ್ಬರು ಸಿಕ್ಕಿದೆವು, ನಾನು ಮತ್ತು ನನ್ನ ಗಂಡ. ವರ್ಷಕ್ಕೊಂದು ಪ್ರವಾಸ. ಒಂದೂರಿನಲ್ಲಿ ಉಳಿಯುವುದು, ಅಲ್ಲಿಂದ ದಿನಕ್ಕೊಂದು ಊರಿಗೆ ಹೋಗಿ ಸಂಜೆಗೆ ವಾಪಸು. ನೋಡಿದ್ದಕ್ಕಿಂತ ಪ್ಲಾಟ್‌ಫಾರ್ಮ್ ಬದಲಿಸಿದ್ದೇ ಹೆಚ್ಚು. “ಇಲ್ಲಿ ಏಳು ನಿಮಿಷ ಇದೆ, ಕಾಫಿ ಕುಡೀರಿ” ಎನ್ನುತ್ತಿದ್ದೆ. ಕುಡಿಯಲು ನಾಲ್ಕು, ಮೂತ್ರಕ್ಕೆ ಮೂರು. ಕೊರ್ಬಿನಿಯನ್ ನಗುತ್ತಿದ್ದ. “ನಿನ್ನ ಅಕ್ಕನ ಕೈಗೆ ದೇವರು ಭೂಮಿ ಕೊಟ್ಟಿದ್ರೆ ಸೂರ್ಯ ಒಂದ್ ದಿನಾನೂ ತಡ ಮಾಡ್ತಿರ್ಲಿಲ್ಲ ಕಣೇ” ಎನ್ನುತ್ತಿದ್ದ.

ಆ ಕೊರ್ಬಿನಿಯನ್ ಸತ್ತು ಆರು ವರ್ಷವಾಯಿತು. ಅವನ ಶವಪೆಟ್ಟಿಗೆಯ ಮೇಲೆ ನೀನೂ ಒಂದು ಹಿಡಿ ಮಣ್ಣು ಹಾಕಿದ್ದೀಯ. ಹಾಗಿರುವಾಗ ನಿನ್ನ ಮೊದಲ ಹಾಳೆಯ ಕೆಳಗೆ, ಗುಂಪು ಟಿಕೆಟ್ಟಿನಲ್ಲಿ ಬರೆಯಬೇಕಾದ ಹೆಸರುಗಳು ಎಂದು ಗೆರೆ ಎಳೆದು, ಒಂದು ನೋಟ್‌ಬುರ್ಗಾ ಎಂದು ನೀನು, ಎರಡು ಕ್ರೆಸೆನ್ಸ್ ಎಂದು ನಾನು, ಮೂರು ಕೊರ್ಬಿನಿಯನ್ ಎಂದು ಬರೆದಿದ್ದೀಯಲ್ಲ, ಅದಕ್ಕೆ ನಾನು ಏನೆಂದುಕೊಳ್ಳಬೇಕು? ಇದು ಚುಚ್ಚಲು ಬರೆದದ್ದಲ್ಲದೆ ಮತ್ತೇನು? ಅದನ್ನು ಓದಿ ಮೈ ಉರಿಯಿತು. ಉಳಿದ ಹಾಳೆ ಮುಟ್ಟಲಿಲ್ಲ. ಲಕೋಟೆಯನ್ನು ಹಿಟ್ಟಿನ ಡಬ್ಬಿಯ ಹಿಂದೆ ತುರುಕಿ ಎರಡು ದಿನ ಬಿಟ್ಟೆ.

ಇವತ್ತು ಚರ್ಚಿನಿಂದ ಬಂದು, ಕೋಟು ತೆಗೆದಿಟ್ಟು, ಕೆಂಪು ಪೆನ್ನು ಹಿಡಿದು ಕೂತಿದ್ದೇನೆ. ಹಾಳೆಯ ಮೇಲ್ತುದಿಯಲ್ಲಿ ಪೆನ್ಸಿಲಿನಿಂದ ‘ಸೆನ್ಸಿ, ತಪ್ಪು ನೋಡು’ ಎಂದು ಬೇರೆ ಗೀಚಿದ್ದೀಯ. ಚಿಕ್ಕವರಿದ್ದಾಗಿನ ಆಟ. ನೀನು ಅಪ್ಪನ ಟೋಪಿ ಹಾಕಿಕೊಂಡು ಸ್ಟೇಷನ್ ಮಾಸ್ತರಾಗುತ್ತಿದ್ದೆ, ಬೇಕೆಂದೇ ಒಂದು ತಪ್ಪು ಇಟ್ಟು ವೇಳಾಪಟ್ಟಿ ಬರೆಯುತ್ತಿದ್ದೆ, ನಾನು ಹುಡುಕಿದರೆ ಒಂದು ಸಕ್ಕರೆ ಉಂಡೆ. ಹುಡುಕದಿದ್ದರೆ “ದಡ್ಡಿ, ನಿನ್ನ ಎಲ್ಲೂ ಒಬ್ಬಳನ್ನೇ ಕಳಿಸೋಕಾಗಲ್ಲ” ಎನ್ನುತ್ತಿದ್ದೆ. ನನಗೀಗ ಎಪ್ಪತ್ನಾಲ್ಕು. ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೇ ಸವೆದವಳು. ತಪ್ಪು ತಾನೆ ಬೇಕು, ನೋಡುತ್ತೇನೆ. ಆದರೆ ಅದಕ್ಕೆ ಮೊದಲು ನಿನ್ನ ತಪ್ಪನ್ನು ಬರೆದುಬಿಡುತ್ತೇನೆ, ಯಾಕೆಂದರೆ ಅದನ್ನು ನೀನು ಯಾವ ಪಟ್ಟಿಯಲ್ಲೂ ಬರೆದಿಲ್ಲ.

ಏಳು ವರ್ಷದ ಹಿಂದಿನ ಜೂನ್. ಆಗಲೂ ಹೊರಟದ್ದು ಸರೋವರದ ದಡದ ಲಿಂಡೌಗೆ. ಆಗಲೂ ಇದೇ ರೈಲು. ನೀನು ಔಗ್ಸ್‌ಬುರ್ಗಿನಲ್ಲಿ ಹತ್ತಿ ಬಂದೆ, ನಾವಿಬ್ಬರು ಕೌಫ್‌ಬಾಯ್ರನ್ನಿನಲ್ಲಿ ಹತ್ತಿದೆವು. ಮೂವರಿಗೂ ಸೇರಿ ಒಂದೇ ಟಿಕೆಟ್, ನಿನ್ನ ಪರ್ಸಿನಲ್ಲಿ. ಆ ರೈಲು ಇಮ್ಮೆನ್‌ಷ್ಟಾಟ್‌ನಲ್ಲಿ ಎರಡಾಗುತ್ತದೆ, ಮುಂದಿನ ಅರ್ಧ ಲಿಂಡೌಗೆ, ಹಿಂದಿನ ಅರ್ಧ ಓಬರ್ಸ್ಟ್‌ಡೋರ್ಫ್‌ಗೆ. ಈ ಕಡೆಯ ಮಗುವಿಗೂ ಗೊತ್ತಿರುವ ಸಂಗತಿ. ನಾವು ಮುಂದಿನ ಅರ್ಧದಲ್ಲೇ ಕೂತಿದ್ದೆವು. ಬೇಯಿಸಿದ ಮೊಟ್ಟೆ, ಮೂಲಂಗಿ, ಬೆಣ್ಣೆ ಹಚ್ಚಿದ ಬ್ರೆಡ್ಡು, ಫ್ಲಾಸ್ಕಿನಲ್ಲಿ ಕಾಫಿ. ಕೊರ್ಬಿನಿಯನ್‌ಗೆ ಮರೆವು ಹಿಡಿದು ಆಗಲೇ ಎರಡನೇ ವರ್ಷ. “ಇದ್ಯಾವ ಸ್ಟೇಷನ್ನು?” ಎಂದು ಐದು ನಿಮಿಷಕ್ಕೊಮ್ಮೆ ಕೇಳುತ್ತಿದ್ದ. ಹೇಳಿದರೆ ತಲೆದೂಗಿ ಮತ್ತೆ ಕೇಳುತ್ತಿದ್ದ. ನನ್ನ ಹೆಸರು ಒಮ್ಮೊಮ್ಮೆ ತಪ್ಪುತ್ತಿತ್ತು, ಆದರೆ ರೈಲಿನ ಡಬ್ಬಿ ಜೋಡಿಸುವ ಕೆಲಸ ಮಾತ್ರ ಮರೆತಿರಲಿಲ್ಲ. ನಲವತ್ತು ವರ್ಷ ಹಳಿಗಳ ನಡುವೆ ಬಗ್ಗಿ ಕೊಂಡಿ ಹಾಕಿ, ಕೊಂಡಿ ಬಿಚ್ಚಿ ಮಾಡಿದವನು. ಇಮ್ಮೆನ್‌ಷ್ಟಾಟ್ ಬಂದ ಕೂಡಲೇ ಎದ್ದು ನಿಂತ.

“ಬಿಚ್ತಾರೆ ಈಗ. ನೋಡ್ಬೇಕು. ಈ ಹುಡುಗ್ರು ಸರಿಯಾಗಿ ಬಿಚ್ಚಲ್ಲ” ಎಂದ.

“ಎಂಟು ನಿಮಿಷ ನಿಲ್ಲುತ್ತೆ” ಎಂದೆ ನೀನು.

“ಹಾಗಾದ್ರೆ ನೀನೇ ಇಳಿಸ್ಕೊಂಡು ಹೋಗೇ ಬುರ್ಗಿ, ನಂಗೆ ಸಾಕಾಗಿದೆ” ಎಂದೆ ನಾನು.

ನೀನು ಇಳಿದೆ. ಐದು ನಿಮಿಷದ ಮೇಲೆ ನೀನೊಬ್ಬಳೇ ಹತ್ತಿ ಬಂದೆ. ಬಂದು ಕೂತು ನಿನ್ನ ಪಟ್ಟಿ ಬಿಚ್ಚಿ, ಪೆನ್ನಿನಿಂದ ಇಮ್ಮೆನ್‌ಷ್ಟಾಟ್‌ಗೆ ಗುರುತು ಹಾಕಿದೆ. ಬಾಗಿಲು ಮುಚ್ಚಿತು. ಅವನು ಹಿಂದಿನ ಅರ್ಧಕ್ಕೆ ಹತ್ತಿದ್ದ. ಟಿಕೆಟ್ಟಿಲ್ಲ, ಫೋನಿಲ್ಲ, ಜೇಬಿನಲ್ಲಿ ಒಂದು ಕರವಸ್ತ್ರ. ಮುಂದಿನ ನಿಲ್ದಾಣದಲ್ಲಿ ನಾನು ಕೂಗಾಡಿದಾಗ ನೀನು ಹೇಳಿದ್ದೇನು, ನೆನಪಿದೆಯೆ? “ಅವನಿಗೇನು ಗೊತ್ತಿಲ್ವಾ ಸೆನ್ಸಿ, ನಲವತ್ತು ವರ್ಷ ಇದೇ ಕೆಲಸ ಮಾಡಿದಾನೆ.”

ಓಬರ್ಸ್ಟ್‌ಡೋರ್ಫ್ ಸೇರಿದಾಗ ಮಧ್ಯಾಹ್ನ ಎರಡು ಗಂಟೆ. ಹಳಿ ಮುಗಿಯುವ ಕಡೆ, ತಡೆಗಟ್ಟೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಪ್ಯಾಂಟು ಒದ್ದೆಯಾಗಿತ್ತು. ಬ್ರೆಡ್ಡಿನಂಗಡಿಯ ಹೆಂಗಸು ತನ್ನ ಮೇಲಂಗಿಯನ್ನು ಅವನ ಮಡಿಲಿಗೆ ಹಾಕಿದ್ದಳು. “ಹನ್ನೊಂದೂವರೆಯಿಂದ ಇಲ್ಲೇ ಕೂತಿದಾರಮ್ಮ. ಒಳಗೆ ಬನ್ನಿ ಅಂದ್ರೆ ಬರಲ್ಲ. ಹೆಂಡ್ತಿ ಇನ್ನೊಂದು ಅರ್ಧದಲ್ಲಿದಾಳೆ, ಜೋಡಿಸಿದ್ಮೇಲೆ ಬರ್ತಾಳೆ ಅಂತಾರೆ” ಎಂದಳು. ಅವನು ನನ್ನನ್ನು ಬೈಯಲಿಲ್ಲ. ಅತ್ತಿದ್ದ, ಕಣ್ಣು ಕೆಂಪಗಿತ್ತು. ಆಮೇಲೆ ಅವನು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಒಳಗೂ ನನ್ನ ಏಪ್ರನ್ನಿನ ದಾರ ಹಿಡಿದೇ ಓಡಾಡುತ್ತಿದ್ದ, ಒಲೆಯಿಂದ ಮೇಜಿಗೆ, ಮೇಜಿನಿಂದ ಒಲೆಗೆ. ಫೆಬ್ರವರಿಯಲ್ಲಿ ಹೋದ.

ಮಣ್ಣು ಮಾಡಿ ಬಂದು ಎಲ್ಲರೂ ಹೋಟೆಲಿನಲ್ಲಿ ಕಾಫಿಗೆ ಕೂತಾಗ, ಪಾದ್ರಿಗಳೂ ಇದ್ದರು, ನಾನು ನಿನ್ನ ಮುಖಕ್ಕೆ ಹೇಳಿದೆ, ನನ್ನ ಗಂಡನನ್ನು ಇಮ್ಮೆನ್‌ಷ್ಟಾಟ್‌ನಲ್ಲಿ ಬಿಟ್ಟು ಬಂದವಳು ನೀನು ಎಂದು. ನೀನು ಚಮಚ ತಟ್ಟೆಯಲ್ಲಿಟ್ಟು “ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು, ಮುಂದಿನ ಅರ್ಧ ಅಂತ” ಎಂದೆ. ಒಬ್ಬ ಸತ್ತ ಮನುಷ್ಯನಿಗೆ ಇದಾ ಉತ್ತರ? ಅವತ್ತೇ ನಾನು ನಿನ್ನ ಕೈ ಬಿಟ್ಟೆ. ಬಿಟ್ಟದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಸರಿ, ಈಗ ಪಟ್ಟಿ. ಕೆಂಪು ಪೆನ್ನು.

ಏಪ್ರಿಲ್ ಇಪ್ಪತ್ತೆಂಟು, ಮಂಗಳವಾರ ಬೆಳಿಗ್ಗೆ 7.34ಕ್ಕೆ ಔಗ್ಸ್‌ಬುರ್ಗಿನಿಂದ ಲಿಂಡೌಗೆ ಹೊರಡುವುದು, ಗುಂಪು ಟಿಕೆಟ್ಟಿನಲ್ಲಿ. ಓದಿ ಜೋರಾಗಿ ನಕ್ಕೆ. ಕೊನೆಗೂ ಸಿಕ್ಕಿಬಿದ್ದೆ. ವಾರದ ದಿನಗಳಲ್ಲಿ ಆ ಟಿಕೆಟ್ ಒಂಬತ್ತರ ಮೊದಲು ನಡೆಯುವುದಿಲ್ಲ. ಒಂಬತ್ತಾಗಲೆಂದು ನಿಲ್ದಾಣದ ಗಡಿಯಾರ ನೋಡುತ್ತ ಬ್ಯಾಗು ಹಿಡಿದು ನಿಂತಿರುವ ಮುದುಕರನ್ನು ಕಂಡು ನಾವಿಬ್ಬರೂ ಎಷ್ಟು ಸಲ ನಕ್ಕಿಲ್ಲ. ಅವರಿಗೆ ಅದನ್ನು ಮೂವತ್ತೊಂದು ವರ್ಷ ಹೇಳಿದ ಬಾಯಿ ನಿನ್ನದು. ಕೆಂಪು ಗೆರೆ ಎಳೆದೆ. ಸಕ್ಕರೆ ಉಂಡೆ ತಯಾರಿಟ್ಟಿರು.

ಬುಧವಾರ, ಲಿಂಡೌನಿಂದ ಬ್ರೆಗೆಂಝ್. ಆಸ್ಟ್ರಿಯಾ. 10.12ಕ್ಕೆ ರೈಲು, ರೋಪ್‌ವೇ ಡೋಲಿಯಲ್ಲಿ ಬೆಟ್ಟ ಹತ್ತುವುದು, ಮೇಲೆ ಸೂಪು, 15.40ಕ್ಕೆ ವಾಪಸು. ಇದರಲ್ಲಿ ತಪ್ಪಿಲ್ಲ. ಮಂಡಿ ನೋವಿನ ಹೆಂಗಸರಿಗೆ ಬೆಟ್ಟದ ಮೇಲೆ ಏನು ಕೆಲಸ ಎಂಬುದು ಬೇರೆ ಮಾತು.

ಗುರುವಾರ. ಬ್ರೆಗೆಂಝ್. 10.12ಕ್ಕೆ ರೈಲು, ಡೋಲಿಯಲ್ಲಿ ಬೆಟ್ಟ, ಸೂಪು, 15.40.

ಹಾಳೆ ಅಂಟಿಕೊಂಡು ಹಿಂದಿನದನ್ನೇ ಓದಿದೆನೇನೋ ಎಂದು ತಿರುಗಿಸಿ ನೋಡಿದೆ. ಅಲ್ಲ. ಬೇರೆ ಹಾಳೆ. ಹೊಸದಾಗಿ ಸ್ಕೇಲಿಟ್ಟು ಗೆರೆ ಎಳೆದು, ಅದೇ ನೀಲಿ, ಅದೇ ಕಪ್ಪು, ಸೂಪಿನ ಪಕ್ಕ ‘ಸೆನ್ಸಿಗೆ ಈರುಳ್ಳಿ ಇಲ್ಲದ್ದು’ ಎಂದು ಎರಡೂ ಕಡೆ. ನನಗೆ ಈರುಳ್ಳಿ ಆಗುವುದಿಲ್ಲವೆಂದು ಎರಡು ಸಲ ಬರೆದಿದ್ದೀಯ. ತಲೆಬರಹದ ಮೂರನೆಯ ದೇಶ ಎಲ್ಲಿ? ಸ್ವಿಟ್ಜರ್ಲೆಂಡ್ ಐದೂ ಹಾಳೆಯಲ್ಲಿ ಇಲ್ಲ. ಆಟಕ್ಕೆ ಒಂದೇ ತಪ್ಪು ಇಡುವುದು ನಿನ್ನ ನಿಯಮ ಬುರ್ಗಿ. ಎರಡನೆಯದು ಯಾವತ್ತೂ ಇಟ್ಟವಳಲ್ಲ.

ಶುಕ್ರವಾರ. ‘ಊಟದ ನಂತರ ಕಾರಿನಲ್ಲಿ ಮೀರ್ಸ್‌ಬುರ್ಗ್. ಓಡಿಸುವುದು: ಕೊರ್ಬಿನಿಯನ್.’

ಪೆನ್ನು ಕೆಳಗಿಟ್ಟು ಎದ್ದು ಹೋಗಿದ್ದೆ. ಒಲೆಯ ಮೇಲೆ ಏನೂ ಇರಲಿಲ್ಲ, ಆದರೂ ಒಲೆಯ ಮುಂದೆ ನಿಂತಿದ್ದೆ. ಈಗ ಬಂದು ಕೂತೆ.

ಕ್ರಿಸ್ಮಸ್ಸಿನಲ್ಲಿ ನಿನ್ನ ಮಗಳು ಫ್ರೋನಿ ಫೋನ್ ಮಾಡಿದ್ದಳು. “ಚಿಕ್ಕಮ್ಮ, ಅಮ್ಮನ ಕಾರಿನ ಕೀ ಈಗ ನಾನೇ ಇಟ್ಕೊಂಡಿದೀನಿ” ಎಂದಳು. ಯಾಕಮ್ಮ ಎಂದು ನಾನು ಕೇಳಲಿಲ್ಲ. ಮನಸ್ಸಿನಲ್ಲಿ ಖುಷಿಪಟ್ಟೆ. ಯಾರಾದರೂ ಒಬ್ಬರು ಅವಳ ಕೈಯಿಂದ ಏನನ್ನಾದರೂ ಕಿತ್ತುಕೊಂಡರಲ್ಲ ಎಂದುಕೊಂಡೆ. ಆ ಹುಡುಗಿ ಕೀಯ ವಿಷಯವನ್ನು ಇನ್ನೊಮ್ಮೆ ಹೇಳಿ, ಫೋನ್ ಇಟ್ಟಳು. ನಾನು ಕೇಳಲಿ ಎಂದೇ ಮಾಡಿದ್ದಳು.

ಕೊರ್ಬಿನಿಯನ್‌ದೂ ಹೀಗೇ ಶುರುವಾಯಿತು. ಪೇಟೆಯಿಂದ ತರಬೇಕಾದ ಸಾಮಾನನ್ನು ಎರಡು ಚೀಟಿಯಲ್ಲಿ ಬರೆದು ಎರಡು ಜೇಬಿನಲ್ಲಿಟ್ಟುಕೊಂಡ. ಮನೆಗೆ ಎರಡು ಉಪ್ಪಿನ ಪೊಟ್ಟಣ, ಎರಡು ಸೀಗಡಿ ಡಬ್ಬಿ ಬಂದವು. ನಾನು ನಕ್ಕೆ. ಆಮೇಲೆ ಎಷ್ಟೋ ತಿಂಗಳು ಬೈದೆ. ಮೇಲ್ತುದಿಯ ನಿನ್ನ ಪೆನ್ಸಿಲಿನ ಗೀಚನ್ನು ಈಗ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ‘ಸೆನ್ಸಿ, ತಪ್ಪು ನೋಡು’ ಎಂಬುದರ ಪಕ್ಕ ರಬ್ಬರಿನಿಂದ ಉಜ್ಜಿದ ಜಾಗವಿದೆ. ಕಿಟಕಿಗೆ ಹಿಡಿದರೆ ಕಾಣುತ್ತದೆ, ‘ನನಗೆ ಗೊತ್ತಾಗುತ್ತಿಲ್ಲ’ ಎಂದು ಬರೆದು ಅಳಿಸಿದ್ದೀಯ. ಅಷ್ಟು ಸೊಕ್ಕು ನಿನಗೆ. ಬೇಡುವುದನ್ನೂ ಅಳಿಸಿ ಕಳಿಸುತ್ತೀಯ.

ಇಷ್ಟು ಹೊತ್ತು ಬೈದದ್ದನ್ನು ಹರಿದು ಹಾಕಿ ಹೊಸ ಕಾಗದ ಬರೆಯಬಹುದಿತ್ತು. ಬರೆಯುವುದಿಲ್ಲ. ನಿನ್ನ ಮೇಲಿನ ಸಿಟ್ಟು ನಿಜ, ಅದಕ್ಕೆ ಕಾಯಿಲೆಯ ರಿಯಾಯಿತಿ ಕೊಡಲಾರೆ. ಆದರೆ ಬೈಗುಳ ಮಾತ್ರ ಕಳಿಸಿ ಇನ್ನೊಂದನ್ನು ಬಚ್ಚಿಟ್ಟರೆ ನಾನು ಮನುಷ್ಯಳಲ್ಲ. ಹಾಗಾಗಿ ಕೇಳು. ನೀನು ನೆನಪಿಟ್ಟುಕೊಳ್ಳಬಲ್ಲೆ ಎನ್ನುವಾಗಲೇ ಹೇಳಿಬಿಡಬೇಕು.

ಅವತ್ತು ಇಮ್ಮೆನ್‌ಷ್ಟಾಟ್‌ನಲ್ಲಿ ನೀನು ಒಬ್ಬಳೇ ಹತ್ತಿ ಬಂದದ್ದನ್ನು ನಾನು ನೋಡಿದೆ. ಬಾಗಿಲು ಇನ್ನೂ ತೆರೆದಿತ್ತು. ಅವನೆಲ್ಲಿ ಎಂದು ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಪಕ್ಕದ ಸೀಟು ಖಾಲಿಯಿತ್ತು. ಇದ್ಯಾವ ಸ್ಟೇಷನ್ನು ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಫ್ಲಾಸ್ಕ್ ತೆಗೆದು ಕಾಫಿ ಬಗ್ಗಿಸಿಕೊಂಡೆ, ಬಿಸಿಯಿರುವಾಗಲೇ ಕುಡಿದೆ. ಎರಡು ವರ್ಷದಲ್ಲಿ ಮೊದಲ ಸಲ ಕಾಫಿಯನ್ನು ಬಿಸಿಯಿರುವಾಗ ಕುಡಿದೆ ಬುರ್ಗಿ. ರೈಲು ಹೊರಟಿತು. ಬಾಗಿಲ ಹತ್ತಿರ ನಿಂತಿರಬೇಕು, ಬರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ತಿರುಗಿ ನೋಡಿದರೆ ಇಲ್ಲವೆಂದು ಗೊತ್ತಾಗುತ್ತದೆಂದು ತಿರುಗಲಿಲ್ಲ. ಹದಿನೈದು ನಿಮಿಷ ಕಿಟಕಿಯಾಚೆ ಹುಲ್ಲುಗಾವಲು ನೋಡಿದೆ. ಚೆನ್ನಾಗಿತ್ತು. ಮುಂದಿನ ನಿಲ್ದಾಣ ಬಂದಾಗ ಆಗಷ್ಟೇ ಗೊತ್ತಾದವಳಂತೆ ಕೂಗಿದೆ, ಎಲ್ಲರೆದುರು ನಿನ್ನ ತೋಳು ಹಿಡಿದು ಅಲುಗಾಡಿಸಿದೆ.

ಶವಸಂಸ್ಕಾರದ ದಿನ ನಿನ್ನ ಮೇಲೆ ಹೊರಿಸಿದ್ದರಲ್ಲಿ ಅರ್ಧ ನನ್ನದು. ಅರ್ಧವೂ ಅಲ್ಲ, ಹೆಚ್ಚಿನದು. ನೀನು ಅವನ ಅತ್ತಿಗೆ, ನಾನು ಹೆಂಡತಿ. ನಾನು ಏನೂ ಕೇಳದೆ ಕಾಫಿ ಕುಡಿಯುತ್ತ ಕೂತದ್ದನ್ನು ನೀನು ಎದುರು ಸೀಟಿನಿಂದ ನೋಡಿರಲೇಬೇಕು. ಆ ಮೇಜಿನಲ್ಲಿ ಅದನ್ನು ಹೇಳಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಅದರ ಬದಲು ಪಟ್ಟಿಯಲ್ಲಿ ಬರೆದಿತ್ತು ಎಂಬ ಆ ಒಣ ಮಾತು ಆಡಿದೆ. ಆರು ವರ್ಷ ನಾನು ಆ ಮಾತಿಗೆ ಉಗಿದೆ. ಅದನ್ನು ನನ್ನ ಸಲುವಾಗಿ ಆಡಿದೆಯೋ, ಸೊಕ್ಕಿಗೆ ಆಡಿದೆಯೋ, ಇವತ್ತಿಗೂ ನನಗೆ ತಿಳಿಯದು. ಕೇಳಿದರೆ ನೀನು ಹೇಳುವವಳೂ ಅಲ್ಲ.

ಈಗ ತಿದ್ದಿದ ಪಟ್ಟಿ. ಇದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೋ. ಫ್ರೋನಿಗೆ ನಾನೇ ಫೋನ್ ಮಾಡುತ್ತೇನೆ.

7.34 ಬೇಡ. ನೀನು ಒಬ್ಬಳೇ ನಿಲ್ದಾಣಕ್ಕೆ ಬರುವುದೂ ಬೇಡ. ಮಂಗಳವಾರ ನಾನೇ ಔಗ್ಸ್‌ಬುರ್ಗಿಗೆ ಬರುತ್ತೇನೆ. ಲಿಂಡೌ ಇರುವುದು ನನ್ನ ಊರಿನ ಕಡೆಗೆ, ಹೋದ ದಾರಿಯಲ್ಲೇ ವಾಪಸು ಬರುವುದು ಮೂರ್ಖತನ ಎಂದು ನೀನು ಹೇಳುತ್ತೀಯ. ಹೇಳಿಕೋ. ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿರು, ನಾನು ಗಂಟೆ ಒತ್ತುವವರೆಗೆ ಏಳಬೇಡ. ಒಂಬತ್ತರ ನಂತರದ ರೈಲು. ಟಿಕೆಟ್ಟಿನಲ್ಲಿ ಎರಡೇ ಹೆಸರು, ನಿನ್ನದು ಮೊದಲು, ಹಿರಿಯಳು ನೀನು. ಆದರೆ ಟಿಕೆಟ್ ಇರುವುದು ನನ್ನ ಪರ್ಸಿನಲ್ಲಿ. ಅದಕ್ಕೆ ವಾದ ಮಾಡಬೇಡ.

ಬುಧವಾರ ಬ್ರೆಗೆಂಝ್, ಬೆಟ್ಟ, ಈರುಳ್ಳಿ ಇಲ್ಲದ ಸೂಪು. ಶುಕ್ರವಾರ ಕಾರಿಲ್ಲ. ಮೀರ್ಸ್‌ಬುರ್ಗ್ ಅಲ್ಲೇ ಇರುತ್ತದೆ. ಸ್ವಿಟ್ಜರ್ಲೆಂಡ್ ಬೇಕಾದರೆ ಲಿಂಡೌನ ಸರೋವರದ ದಡದಲ್ಲಿ ಕೂತು ತೋರಿಸುತ್ತೇನೆ, ಅದು ಎದುರಿಗೇ ಕಾಣುತ್ತದೆ.

ಗುರುವಾರ ಓಬರ್ಸ್ಟ್‌ಡೋರ್ಫ್. ಲಿಂಡೌನಿಂದ ಬಂದು ಇಮ್ಮೆನ್‌ಷ್ಟಾಟ್‌ನಲ್ಲಿ ಇಳಿದು ಆ ಇನ್ನೊಂದು ರೈಲು ಹತ್ತುವುದು. ಹಳಿ ಮುಗಿಯುವ ಕಡೆ ಆ ಬೆಂಚು ಇನ್ನೂ ಇದ್ದರೆ ಅದರ ಮೇಲೆ ಕೂತು ಮೊಟ್ಟೆ ತಿನ್ನೋಣ. ಮೇಲೆ ಬರೆದದ್ದನ್ನು ಅಲ್ಲಿ ನಿನ್ನ ಮುಖ ನೋಡಿ ಮತ್ತೊಮ್ಮೆ ಹೇಳುತ್ತೇನೆ. ನೀನು ಅಷ್ಟರಲ್ಲಿ ಮರೆತಿದ್ದರೆ ಹೊಸದಾಗಿ ಹೇಳುತ್ತೇನೆ, ಶುಕ್ರವಾರ ಮರೆತರೆ ಶುಕ್ರವಾರವೂ. ಇದ್ಯಾವ ಸ್ಟೇಷನ್ನು ಎಂದು ನೀನು ಎಷ್ಟು ಸಲ ಬೇಕಾದರೂ ಕೇಳು, ನನ್ನ ಕಾಫಿ ತಣ್ಣಗಾದರೆ ಆಗಲಿ.

ಒಂದೇ ಮಾತು. ಇಮ್ಮೆನ್‌ಷ್ಟಾಟ್‌ನಲ್ಲಿ ಡಬ್ಬಿ ಬಿಚ್ಚುವಾಗ ನೀನು ಕೈ ಬಿಡಿಸಿಕೊಂಡು ಹೋಗಬೇಡ. ನಾನು ಹಿಡಿದಿರುತ್ತೇನೆ. ಹಿಡಿದೆನೆಂದು ಎಲ್ಲ ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ, ಅದು ಬೇರೆ, ಇದು ಬೇರೆ.

ಮಂಗಳವಾರದವರೆಗೆ ದೇವರು ನಿನ್ನನ್ನು ನೋಡಿಕೊಳ್ಳಲಿ. ಆಮೇಲೆ ನಾನು ನೋಡಿಕೊಳ್ಳುತ್ತೇನೆ.

ನಿನ್ನ ತಂಗಿ,
ಸೆನ್ಸಿ